ಕಮಾನಿನ ಬದಲು ಆಟದ ಬಯಲು
(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ನೆನಪಿಗೆ ಊರ ಅಗಸಿಯಲ್ಲಿ ಕಮಾನು ಕಟ್ಟಿಸಬೇಕೆಂಬುದು ಹಿರಿಯರ ಅಪೇಕ್ಷೆ. ನಾವು ಕೆಲವು ನಿರ್ದೇಶಕರ ಮಾತು ಬೇರೆ ಇದೆ. ಗೋದಾಮಿನ ಹಿಂದಿನ ಜಾಗವನ್ನು ಮಕ್ಕಳ ಆಟಕ್ಕೆ ಬಿಡೋಣ. ಅದರ ಒಂದು ಮೂಲೆಗೆ ಸ್ಕೇಟ್‌ಬೋರ್ಡ್, ಅಂದರೆ ಗಾಲಿ ಹಲಗೆ ಓಡಿಸಲು ಕಾಂಕ್ರೀಟಿನ ಇಳಿಜಾರು ಕಟ್ಟೆ ಕಟ್ಟೋಣ. ನಗಬ್ಯಾಡ್ರಿ, ಪೂರ್ತಿ ಕೇಳ್ರಿ.

ನಮ್ಮ ಕಾಲಕ್ಕೆ ಆಡಲಿಕ್ಕೆ ಕಣ ಇತ್ತು. ಸುಗ್ಗಿ ಮುಗಿದ ಮ್ಯಾಲ ಸಗಣಿ ಸಾರಿಸಿದ ಆ ಗಟ್ಟಿ ನೆಲದಾಗ ಚಿಣ್ಣಿ-ದಾಂಡು, ಕಬಡ್ಡಿ, ಬೆಳದಿಂಗಳಿದ್ದರೆ ಸರಿರಾತ್ರಿ ತನಕ ಗದ್ದಲ. ರಾಶಿ ಮಷೀನು ಬಂತು, ಕಣ ಹೋಯ್ತು. ಈಗ ತೊಗರಿ ರಾಶಿ ಹೊಲದಾಗೇ ಆಗಿ ಚೀಲ ನೇರ ಟ್ರ್ಯಾಕ್ಟರಿಗೆ ಏರುತ್ತದೆ. ನಮಗೆ ಅನುಕೂಲ ಆಯ್ತು, ಖರೆ. ಹುಡುಗರು ಮಾತ್ರ ಡಾಂಬರು ರಸ್ತೆಗೆ ಬಂದರು, ಅದೂ ಕಬ್ಬಿನ ಲಾರಿ ಓಡಾಡುವ ರಸ್ತೆಗೆ. ಹೆಣ್ಣುಮಕ್ಕಳಿಗೆ ಅಷ್ಟೂ ಇಲ್ಲ, ಅಂಗಳದ ಕುಂಟಾಬಿಲ್ಲೆಯೇ ಗತಿ.

ಇದು ಪಟ್ಟಣದ ಶೋಕಿ ಎನ್ನುವವರಿಗೆ ಒಂದು ಸಂಗತಿ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ ನಮ್ಮಂಥದೇ ಹಳ್ಳಿ. 2015ರಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬ ಮಹಿಳೆಯ ಪ್ರಯತ್ನದಿಂದ ಅಲ್ಲಿ ಇಂತಹ ಕಟ್ಟೆ ಆಯಿತು. ಕಟ್ಟಳೆ ಎರಡು: ಶಾಲೆಗೆ ಹೋಗದವರಿಗೆ ಆಟವಿಲ್ಲ, ಮೊದಲ ಪಾಳಿ ಹುಡುಗಿಯರದು. ಅದೇ ಊರಿನ ಆದಿವಾಸಿ ಹುಡುಗಿ ಆಶಾ ಗೋಂಡ್ 2018ರಲ್ಲಿ ಚೀನಾದ ನಾನ್‌ಜಿಂಗಿನ ವಿಶ್ವ ಸ್ಪರ್ಧೆಯಲ್ಲಿ ಆಡಿ ಬಂದಳು. ಆದಿವಾಸಿ, ಯಾದವ ಮಕ್ಕಳು ಒಂದೇ ಕಟ್ಟೆಯ ಮೇಲೆ ಕೂಡಿ ಆಡಿದರು. ಇದನ್ನು ಬಹಳ ಬಿಡಿಸಿ ಹೇಳುವುದಿಲ್ಲ, ನಮ್ಮೂರ ಓಣಿಗಳು ನಮಗೆ ಗೊತ್ತಿವೆ.

ಇನ್ನು ನೆಲದ ಮಾತು. ನಮ್ಮದು ಎರಿ ಭೂಮಿ. ಮಳಿಗಾಲಕ್ಕೆ ಉಬ್ಬುತ್ತದೆ, ಬ್ಯಾಸಿಗಿಗೆ ಕಾಲು ಸಿಗುವಷ್ಟು ಬಿರಿಯುತ್ತದೆ. ಅದರ ಮ್ಯಾಲ ನೇರ ಕಾಂಕ್ರೀಟ್ ಹಾಕಿದರೆ ಸೀಳುವುದು ಖಚಿತ; ಸೀಳಿನಾಗ ಗಾಲಿ ಸಿಕ್ಕರೆ ಹುಡುಗರ ಹಲ್ಲು ಉಳಿಯಲ್ಲ. ಎರಿ ಎತ್ತಿ ಹಾಕಿ, ಮುರುಮು ತುಂಬಿ, ನೀರು ಹೊಡೆದು ರೋಲರ್ ಓಡಿಸಬೇಕು. ಮಳೆನೀರು ಬುಡಕ್ಕೆ ಇಳಿಯದಂತೆ ಸುತ್ತ ಚರಂಡಿ ಬೇಕು. ಗುತ್ತಿಗೆದಾರರು ಮೊದಲು ಉಳಿಸುವುದು ಇದೇ ಖರ್ಚನ್ನು, ಆದ್ದರಿಂದ ಮುರುಮು ಬೀಳುವ ದಿನ ನಿರ್ದೇಶಕರು ಅಲ್ಲೇ ನಿಂತಿರಬೇಕು. 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಪಡುವಲ ದಿಕ್ಕಿಗೆ ಬೇವಿನ ಗಿಡ ಹಚ್ಚೋಣ. ಹೆಲ್ಮೆಟ್ಟು ಸಂಘದ್ದೇ ಇರಲಿ. ಉಳಿದ ಜಾಗದಾಗ ಕುಸ್ತಿ ಅಖಾಡ, ಕಬಡ್ಡಿ ಅಂಕಣ, ಮುದುಕರಿಗೆ ಕೂಡಲು ಕಟ್ಟೆ.

ಕಮಾನಿನ ಹಣ ಸಾಲದಿದ್ದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಅರ್ಜಿ ಹಾಕೋಣ. ಠರಾವು ಮಹಾಸಭೆಯ ಮುಂದಿದೆ. ಸಂಜೆ 5ರಿಂದ 6 ಹೆಣ್ಣುಮಕ್ಕಳ ಪಾಳಿ ಎಂದು ಅದರಲ್ಲೇ ಬರೆದಿದ್ದೇವೆ. ಬೇರೆ ಏನು ತಿದ್ದಿದರೂ ತಿದ್ದ್ರಿ, ಆ ಸಾಲು ತೆಗೀಬ್ಯಾಡ್ರಿ.