ಐದನೆಯ ಕಾರಣ

ನಾಳೆಯ ಮಾತನ್ನಾಡುವಾಗ ಕೊನೆಯಲ್ಲಿ ‘ದೇವರಿಚ್ಛೆ’ ಎಂದು ಸೇರಿಸುವ ರೂಢಿ ನಮ್ಮಲ್ಲುಂಟು. ಮಗಳ ಮದುವೆ ಬರುವ ವೈಶಾಖದಲ್ಲಿ, ದೇವರಿಚ್ಛೆ. ಮನೆಯ ತಾರಸಿ ಮಳೆಗಾಲಕ್ಕೆ ಮುಂಚೆ, ದೇವರಿಚ್ಛೆ. ಲಕೋಟೆಗೆ ಅಂಚೆಚೀಟಿ ಅಂಟಿಸುವಷ್ಟೇ ಸಲೀಸಾಗಿ ಆ ಪದವನ್ನು ಅಂಟಿಸುತ್ತೇವೆ. ಆ ಇಚ್ಛೆ ನಮ್ಮ ಇಚ್ಛೆಗಿಂತ ಬೇರೆಯಾಗಿರಬಹುದೆಂಬ ಅನುಮಾನ ಆಗ ನಮಗೆ ಬಂದಿರುವುದಿಲ್ಲ. ನನಗಂತೂ ಬಂದಿರಲಿಲ್ಲ.

ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದ ನಾನು 2014ರಲ್ಲಿ ನಿವೃತ್ತನಾಗಬೇಕಿತ್ತು. ನಿವೃತ್ತಿಯ ಮರುತಿಂಗಳೇ ಕಾಶಿ, ಪ್ರಯಾಗ, ಬದರಿಗಳಿಗೆ ಹೋಗಿಬರುವುದೆಂದು ನಾನೂ ನನ್ನ ಪತ್ನಿಯೂ ನಿಶ್ಚಯಿಸಿದ್ದೆವು. ಮೂವತ್ತು ವರ್ಷಗಳ ಸಂಸಾರದಲ್ಲಿ ಅವಳು ತನಗಾಗಿ ಬಯಸಿದ್ದು ಅದೊಂದನ್ನೇ. ಹಳೆಯ ದಿನಚರಿಯ ಹಾಳೆಯೊಂದರಲ್ಲಿ ತೆಗೆದುಕೊಂಡು ಹೋಗಬೇಕಾದ ವಸ್ತುಗಳ ಪಟ್ಟಿಯನ್ನು ಬರೆದಿಟ್ಟಿದ್ದಳು: ಉಣ್ಣೆಯ ಶಾಲು ಎರಡು, ಗಂಗೆ ತರಲು ತಂಬಿಗೆ, ಕಾಲುನೋವಿನ ಎಣ್ಣೆ. ನನ್ನ ನಿವೃತ್ತಿಗೆ ಎರಡು ತಿಂಗಳಿರುವಾಗ, ಒಂದು ಬೆಳಗಿನ ಜಾವ, ಹೃದಯಾಘಾತದಿಂದ ಅವಳು ತೀರಿಕೊಂಡಳು.

ಸಮಾಧಾನ ಹೇಳಲು ಬಂದವರೆಲ್ಲರೂ ಒಳ್ಳೆಯವರೇ. ‘ದೇವರು ಮಾಡುವುದೆಲ್ಲ ಒಳ್ಳೆಯದಕ್ಕೇ’ ಎಂದರು; ‘ಅವನ ಲೆಕ್ಕ ನಮಗೆ ತಿಳಿಯುವುದಿಲ್ಲ’ ಎಂದರು. ತಲೆಯಾಡಿಸಿದೆ. ಆದರೆ ಒಳಗೆ ಕುದಿಯುತ್ತಿದ್ದೆ. ಯಾವ ಒಳ್ಳೆಯದಕ್ಕೆ? ಯಾರ ಒಳ್ಳೆಯದಕ್ಕೆ? ಪ್ರತಿದಿನ ಹೂವೇರಿಸುತ್ತಿದ್ದ ಕೈಯನ್ನೇ ಕಸಿದುಕೊಂಡವನನ್ನು ನಂಬುವುದು ಹೇಗೆ? ಕೆಲವು ದಿನ ದೇವರ ಗೂಡಿನ ಬಾಗಿಲನ್ನು ತೆರೆಯಲೇ ಇಲ್ಲವೆಂಬುದನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಆ ದಿನಗಳಲ್ಲಿ ಮೇಲಿಂದ ಮೇಲೆ ನೆನಪಿಗೆ ಬಂದವರು ನನ್ನ ತಂದೆ. ನಾವು ಕೋಲಾರದ ಸೀಮೆಯವರು. ಅಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಯನ್ನೂ ಆಕಾಶವನ್ನೂ ನೋಡಿಕೊಂಡು ಬದುಕಿದ ಜನ. 1965ರಲ್ಲಿ, ನನಗೆ ಹನ್ನೊಂದು ವರ್ಷವಿದ್ದಾಗ, ದೇಶದ ಬಹುಭಾಗದಲ್ಲಿ ಮುಂಗಾರು ಕೈಕೊಟ್ಟಿತು. ತಂದೆ ಆರಿದ್ರೆಯ ಹನಿಗೆ ರಾಗಿ ಬಿತ್ತಿದ್ದರು. ಪೈರು ಗೇಣುದ್ದ ಬಂದು ಒಣಗಿತು. ಒಂದು ಸಂಜೆ ಹೊಲದ ಬದುವಿನ ಮೇಲೆ ಅವರು ಬಹಳ ಹೊತ್ತು ಕುಳಿತಿದ್ದರು. ಮಾರನೆಯ ದಿನ ಒಣಗಿದ್ದನ್ನು ದನಗಳಿಗೆ ಮೇಯಲು ಬಿಟ್ಟರು. ಮಘೆ ಕಳೆದು ಹುಬ್ಬೆಯಲ್ಲಿ ನಾಲ್ಕು ಹನಿ ಬಿದ್ದಾಗ ಅದೇ ನೆಲವನ್ನು ಮತ್ತೆ ಉತ್ತು ಹುರುಳಿ ಚೆಲ್ಲಿದರು. ಹುರುಳಿ ತಡವಾಗಿ ಬಿತ್ತಿದರೂ ಬರುವ ಬೆಳೆ. ಸ್ವಲ್ಪ ತೇವವಿದ್ದರೆ ಸಾಕು, ಬಡ ನೆಲವಾದರೂ ಆದೀತು. ‘ಇದಾದರೂ ಬರುತ್ತದೆಯೇ?’ ಎಂದು ಕೇಳಿದೆ. ‘ಬರುವುದು ಅವನಿಗೆ ಬಿಟ್ಟದ್ದು. ಬಿತ್ತದೆ ಇರುವುದಕ್ಕೆ ನನಗೇನು ಕಾರಣವಿದೆ?’ ಎಂದರು.

ಅವರು ಅಕ್ಷರ ಬಲ್ಲವರಲ್ಲ. ಅವರ ಮಾತಿನ ಅರ್ಥ ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ, ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವನ್ನು ಓದುವಾಗ. ಯಾವುದೇ ಕಾರ್ಯವು ಸಿದ್ಧಿಸಬೇಕಾದರೆ ಐದು ಕಾರಣಗಳು ಕೂಡಬೇಕೆಂದು ಅಲ್ಲಿ ಹೇಳಿದೆ. ಕರ್ಮಕ್ಕೆ ಆಶ್ರಯವಾದ ಶರೀರ ಒಂದು, ಮಾಡುವವನು ಇನ್ನೊಂದು, ಬಗೆಬಗೆಯ ಸಾಧನಗಳು ಮೂರನೆಯದು, ನಾನಾ ವಿಧದ ಪ್ರಯತ್ನ ನಾಲ್ಕನೆಯದು. ಇವಿಷ್ಟೂ ಆದ ಮೇಲೆ ಐದನೆಯದು ದೈವ. ಈ ಅನುಕ್ರಮವೇ ನನ್ನನ್ನು ಹಿಡಿದು ನಿಲ್ಲಿಸಿತು. ದೈವವನ್ನು ಮೊದಲಿಗಿಟ್ಟಿದ್ದರೆ ನಾವು ಕೈಕಟ್ಟಿ ಕುಳಿತುಕೊಳ್ಳಬಹುದಿತ್ತು. ಬಿಟ್ಟೇಬಿಟ್ಟಿದ್ದರೆ ಎಲ್ಲವೂ ನಮ್ಮ ಕೈಯಲ್ಲಿದೆಯೆಂದು ಬೀಗಬಹುದಿತ್ತು. ಗೀತೆ ಎರಡಕ್ಕೂ ಎಡೆಗೊಡಲಿಲ್ಲ. ನಾವು ಹಾಕುವ ಯೋಜನೆಗಳು ಮೊದಲ ನಾಲ್ಕರ ಲೆಕ್ಕವನ್ನು ಮಾಡಿ, ಐದನೆಯದೂ ನಮ್ಮ ಕಡೆಗೇ ಇದೆಯೆಂದು ಭಾವಿಸಿಕೊಳ್ಳುತ್ತವೆ.

ಗೀತೆಯ ಮೇಲೆ ಕನ್ನಡದಲ್ಲಿ ‘ಜೀವನಧರ್ಮಯೋಗ’ವನ್ನು ಬರೆದ ಡಿ. ವಿ. ಗುಂಡಪ್ಪನವರೂ ನಮ್ಮ ಸೀಮೆಯವರೇ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದವರು. ಅವರ ಬಾಳಿನಲ್ಲಿಯೂ ಐದನೆಯ ಕಾರಣ ಎಷ್ಟು ಸಲ ಅಡ್ಡಬಂದಿತು! ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಹೊಟ್ಟೆಪಾಡಿಗಾಗಿ ಸೋಡಾ ಕಾರ್ಖಾನೆಯಲ್ಲಿ ದುಡಿದರು. ನೆಲೆ ಸಿಕ್ಕಿದ್ದು ಪತ್ರಿಕೋದ್ಯಮದಲ್ಲಿ. 1924ರಲ್ಲಿ ಪತ್ನಿ ಭಾಗೀರಥಮ್ಮ ತೀರಿಕೊಂಡಾಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ, ಮರುಮದುವೆಯಾಗಲಿಲ್ಲ. ‘ಮಂಕುತಿಮ್ಮನ ಕಗ್ಗ’ ಪ್ರಕಟವಾದದ್ದು 1943ರಲ್ಲಿ. ಆ ಕೃತಿಯಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಅದರ ಸಮಾಧಾನವಷ್ಟೇ ಅಲ್ಲ, ಅದರ ಸಂಶಯ. ದೇವರೆಂಬುದು ಏನು, ಈ ಸೃಷ್ಟಿಗೆ ಅರ್ಥವುಂಟೆ ಎಂದು ಅಂಜದೆ ಕೇಳಿದ ಕವಿ ಅವರು. ಹಾಗೆ ಕೇಳಿದವರೇ ಮುಂದೆ ಗೀತೆಯ ತಾತ್ಪರ್ಯವನ್ನು ಬರೆದರು. ಪ್ರಶ್ನೆ ಕೇಳುವುದು ನಂಬಿಕೆಗೆ ದ್ರೋಹವಲ್ಲವೆಂದು ನನಗೆ ಧೈರ್ಯ ಬಂದದ್ದು ಅಲ್ಲಿಂದ.

ಆದರೆ ಪುಸ್ತಕದ ಧೈರ್ಯ ಎಷ್ಟು ದಿನ ಬಂದೀತು? ನನ್ನನ್ನು ಎಬ್ಬಿಸಿದ್ದು ಬೇರೊಂದು ಸಂಗತಿ.

ಎದುರುಮನೆಯಲ್ಲಿ ದೃಷ್ಟಿ ಮಸುಕಾದ ವೃದ್ಧೆಯೊಬ್ಬರಿದ್ದರು. ನನ್ನ ಪತ್ನಿ ಸಂಜೆಯ ಹೊತ್ತು ಅವರಿಗೆ ಗದುಗಿನ ಭಾರತವನ್ನು ಓದಿ ಹೇಳುತ್ತಿದ್ದಳು. ಕನ್ನಡ ಪಂಡಿತನೆನಿಸಿಕೊಂಡ ನಾನು, ಉತ್ತರಪತ್ರಿಕೆಗಳ ಕಟ್ಟನ್ನು ನೆಪವಾಗಿಟ್ಟುಕೊಂಡು, ಒಂದು ದಿನವೂ ಹೋಗಿ ಕುಳಿತವನಲ್ಲ. ಅವಳು ಹೋಗಿ ತಿಂಗಳಾದ ಮೇಲೆ ಆ ತಾಯಿ ಗೋಡೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಸಾಂತ್ವನದ ಮಾತನ್ನು ಆಡಲಿಲ್ಲ. ‘ಅರಣ್ಯಪರ್ವ ಅರ್ಧಕ್ಕೆ ನಿಂತಿದೆ. ಪಾಂಡವರು ಇನ್ನೂ ಕಾಡಿನಲ್ಲಿಯೇ ಇದ್ದಾರೆ. ನೀವು ಮುಂದುವರಿಸುತ್ತೀರಾ?’ ಎಂದು ಕೇಳಿದರು.

ಪುಸ್ತಕವನ್ನು ತೆರೆದಾಗ ಅವಳು ಗುರುತಿಗೆಂದು ಇಟ್ಟಿದ್ದ ತುಳಸಿಯ ದಳ ಒಣಗಿತ್ತು. ಅಲ್ಲಿಂದಲೇ ಓದತೊಡಗಿದೆ. ಮೊದಲ ದಿನ ಎರಡು ಪದ್ಯಗಳಾಚೆಗೆ ಗಂಟಲು ಹೊರಡಲಿಲ್ಲ. ಆ ತಾಯಿ ಸುಮ್ಮನೆ ಕಾದರು. ಗದಾಪರ್ವ ಮುಗಿಯುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ನಡುವೆ ಯಾವಾಗಲೋ ನಾನು ದೇವರ ಗೂಡಿನ ಬಾಗಿಲನ್ನು ತೆರೆದಿದ್ದೆ.

ಇದಕ್ಕಾಗಿಯೇ ದೇವರು ಅವಳನ್ನು ಕರೆದುಕೊಂಡನೆಂದು ಯಾರಾದರೂ ಹೇಳಿದರೆ ನಾನು ಇಂದಿಗೂ ಒಪ್ಪಲಾರೆ. ಅದು ಅವಳಿಗೂ ಅವಮಾನ, ದೇವರಿಗೂ ಅವಮಾನ. ಹುರುಳಿಯನ್ನು ಬೆಳೆಯಬೇಕೆಂದು ರಾಗಿಯನ್ನು ಒಣಗಿಸುವ ದೇವರಲ್ಲಿ ನನಗೆ ವಿಶ್ವಾಸವಿಲ್ಲ. ರಾಗಿ ಏಕೆ ಒಣಗಿತೆಂಬುದು ನನಗೆ ತಿಳಿಯದು. ಒಣಗಿದ ನೆಲವೂ ಮತ್ತೊಮ್ಮೆ ಬೀಜವನ್ನು ತೆಗೆದುಕೊಳ್ಳುತ್ತದೆಂಬುದು ಮಾತ್ರ ತಿಳಿದಿದೆ. ಆ ತೆಗೆದುಕೊಳ್ಳುವ ಗುಣವನ್ನು ನೆಲದಲ್ಲಿಟ್ಟವನು ನಾನಲ್ಲ. ನನ್ನ ಯೋಜನೆ ಮುರಿದುಬಿದ್ದ ಮನೆಯ ಬಾಗಿಲಿಗೆ ಆ ತಾಯಿಯನ್ನು ಕರೆದು ತಂದವನೂ ನಾನಲ್ಲ. ದೇವರನ್ನು ನಂಬುವುದೆಂದರೆ, ನಾನು ಕೇಳಿದ್ದನ್ನು ಅವನು ಕೊಡುತ್ತಾನೆಂದಾಗಲಿ, ಕೊಡದಿದ್ದರೆ ಅದಕ್ಕಿಂತ ಉತ್ತಮವಾದುದನ್ನು ತೆಗೆದಿಟ್ಟಿದ್ದಾನೆಂದಾಗಲಿ ಎಣಿಸುವುದಲ್ಲವೆಂದು ಈಗ ನನಗೆ ತೋರುತ್ತದೆ. ಕೈಗೆ ಬಂದ ನಾಲ್ಕನ್ನು ಮತ್ತೆ ನೆಟ್ಟಗೆ ಮಾಡಿ, ಐದನೆಯದನ್ನು ಹಗೆಯೆಂದು ಬಗೆಯದೆ ಕಾಯುವುದು. ನನ್ನ ಪಾಲಿಗೆ ನಂಬಿಕೆಯೆಂದರೆ ಇಷ್ಟೇ.

ಕಾಶಿಗೆ ನಾನು ಹೋಗಲಿಲ್ಲ. ಪಟ್ಟಿ ಮಾತ್ರ ಆ ದಿನಚರಿಯಲ್ಲಿಯೇ ಇದೆ. ಉಣ್ಣೆಯ ಶಾಲುಗಳಲ್ಲಿ ಒಂದನ್ನು ಆ ತಾಯಿಗೆ ಕೊಟ್ಟೆ. ಚಳಿಗಾಲದ ಸಂಜೆಗಳಲ್ಲಿ ಅವರು ಅದನ್ನು ಹೊದ್ದು ಕುಳಿತು, ‘ಎಲ್ಲಿಗೆ ನಿಲ್ಲಿಸಿದ್ದೆವು?’ ಎಂದು ಕೇಳುತ್ತಿದ್ದರು.