ಹೊಸ ಶಿಕ್ಷಕಿಯ ಪಕ್ಕದಲ್ಲಿ ಕುಳಿತು



ಪೂರ್ವಪ್ರಾಥಮಿಕ ಹಾಗೂ ಒಂದನೆಯ ತರಗತಿಗೆ ಹೊಸದಾಗಿ ಬರುವ ಶಿಕ್ಷಕಿಯರನ್ನು ಕೈಹಿಡಿದು ನಡೆಸುವ ಹೊಣೆ ನಿಮ್ಮಲ್ಲಿ ಹಲವರ ಪಾಲಿಗೆ ಬಂದಿದೆ. ಗಡಿಯಾಚೆಯ ನಮ್ಮ ಶಾಲೆಗಳಲ್ಲಿ ಈ ಹೊಣೆ ತುಸು ಬೇರೆಯೇ ಬಗೆಯದು. ಒಂದೇ ಕೊಠಡಿಯಲ್ಲಿ ಎರಡು ಮೂರು ಮನೆಮಾತುಗಳ ಮಕ್ಕಳು ಕುಳಿತಿರುತ್ತಾರೆ.

ಕಾಸರಗೋಡಿನ ಒಂದು ತರಗತಿಯನ್ನು ಊಹಿಸಿಕೊಳ್ಳಿ. ಚಿತ್ರದಲ್ಲಿರುವ ತಾಯಿಯನ್ನು ತೋರಿಸಿ ಹೊಸ ಶಿಕ್ಷಕಿ "ಇವರು ಯಾರು?" ಎಂದು ಕೇಳುತ್ತಾರೆ. ಮಗು "ಅಪ್ಪೆ" ಎನ್ನುತ್ತದೆ. ಶಿಕ್ಷಕಿಯ ಕಿವಿಗೆ ಅದು ಅಪ್ಪನೆಂದೇ ಬಿದ್ದು, "ಅಲ್ಲ, ಅಮ್ಮ" ಎಂದು ತಿದ್ದುತ್ತಾರೆ. ತುಳುವಿನಲ್ಲಿ ಅಪ್ಪೆಯೆಂದರೆ ತಾಯಿ, ಅಮ್ಮೆಯೆಂದರೆ ತಂದೆ. ಮಗುವಿನ ಉತ್ತರ ಸರಿಯಾಗಿಯೇ ಇತ್ತು. ಆದರೆ ಅಂದು ಅದು ಮತ್ತೆ ಬಾಯಿ ತೆರೆಯಲಾರದು. ಅಕ್ಕಲಕೋಟೆ, ಜತ್ತಗಳ ಮರಾಠಿ ಮಗುವಿಗೆ ಆಯಿ ಎಂದರೆ ತಾಯಿ. ಉತ್ತರದ ಎಷ್ಟೋ ಕನ್ನಡ ಮನೆಗಳಲ್ಲಿ ಆಯಿ ಅಜ್ಜಿ. ರಾಯದುರ್ಗದ ಸೀಮೆಯ ತೆಲುಗಿನಲ್ಲಿ ಅವ್ವ ಅಜ್ಜಿ, ನಮ್ಮಲ್ಲಿ ತಾಯಿ. ಮಗು ಶಾಲೆಗೆ ತರುವ ಮೊದಲ ಮಾತುಗಳೇ ಇವು. ಅಲ್ಲಿಯೇ ಅದಕ್ಕೆ ತಪ್ಪೆಂಬ ಮುದ್ರೆ ಬಿದ್ದರೆ, ಕೆಲವು ತಿಂಗಳುಗಳಲ್ಲಿ ತಂದೆತಾಯಿಗಳು "ನಮ್ಮ ಮಗುವಿಗೆ ಕನ್ನಡ ಶಾಲೆ ಹೊಂದುವುದಿಲ್ಲ" ಎನ್ನತೊಡಗುತ್ತಾರೆ.

ಪಕ್ಕದಲ್ಲಿ ಕುಳಿತು ನೋಡುತ್ತಿರುವ ಹಿರಿಯರು ಆಗ ಏನು ಮಾಡಬೇಕು? ಮಕ್ಕಳೆದುರು ಏನನ್ನೂ ಹೇಳಬಾರದು. ಮಕ್ಕಳು ಹೊರಟ ಮೇಲೆ, "ಆ ಮಗು ಏನೆಂದಿತೆಂದು ನಿಮಗೆ ಕೇಳಿಸಿತು?" ಎಂದು ಮೊದಲು ಪ್ರಶ್ನಿಸಬೇಕು, ಅರ್ಥವನ್ನು ಅನಂತರ ತಿಳಿಸಬೇಕು. ಮರುದಿನ ಅದೇ ಚಿತ್ರವನ್ನು ಹಿಡಿದು "ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತೀರಿ?" ಎಂದು ಮಕ್ಕಳನ್ನು ಕೇಳಲು ಅವರಿಗೇ ಬಿಡಬೇಕು. ಒಂದು ಭೇಟಿಗೆ ಒಂದೇ ವಿಷಯ ಸಾಕು. ಗೋಡೆಯ ಚಿತ್ರಪಟ, ಪಾಠಟಿಪ್ಪಣಿ, ಹಾಜರಿ ಪುಸ್ತಕಗಳನ್ನೆಲ್ಲ ಅಂದೇ ಪರಿಶೀಲಿಸಹೊರಟರೆ ನೀವು ತನಿಖಾಧಿಕಾರಿಗಳಾಗುತ್ತೀರಿ, ಮತ್ತು ತನಿಖಾಧಿಕಾರಿಯ ಎದುರು ಯಾರೂ ತಮ್ಮ ತೊಡಕನ್ನು ಹೇಳಿಕೊಳ್ಳುವುದಿಲ್ಲ.

ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೆಲಸ ಆರಂಭಿಸಿದಾಗ, ಅದಾಗಲೇ ಶಿಕ್ಷಕಿಯಾಗಿದ್ದ ಅನುತಾಯಿ ವಾಘರು ಅವರ ಜೊತೆಗೂಡಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಕೇರಿಯ ಅಂಗಳಕ್ಕೆ ಹೋಯಿತು. ಹಿರಿಯರೊಡನೆ ಅದೇ ಅಂಗಳದಲ್ಲಿ ನಿಂತು ದುಡಿದದ್ದೂ ಅನುತಾಯಿಯವರಿಗೆ ತರಬೇತಿಯೇ ಆಯಿತು. 1973ರಲ್ಲಿ ತಾರಾಬಾಯಿಯವರು ತೀರಿಕೊಂಡ ಮೇಲೂ ಕೋಸಬಾಡದ ಆ ಕಾರ್ಯವನ್ನು ಅವರು ಮುಂದುವರಿಸಿದರು. ಆದ್ದರಿಂದ ನೀವೂ ಆಗಾಗ ಪಾಠ ಮಾಡಿ ತೋರಿಸಿ, ಹೊಸಬರು ಕುಳಿತು ನೋಡಲಿ. ನಿಮ್ಮ ಕಥೆಯ ನಡುವೆ ಮಕ್ಕಳು ಆಕಳಿಸಿದರೆ ಅದನ್ನೂ ನೋಡಲಿ!

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಎಣಿಸಿದೆ. ಹಾಗಾಗಿ ಎರಡನೆಯ ತರಗತಿಯ ಅನುಭವಿ ಶಿಕ್ಷಕರಿಗೂ ಬಾಲವಾಡಿಯ ಹೊಸಬರಿಗೂ ನಡುವೆ ಗೋಡೆಯಿರಬೇಕಾಗಿಲ್ಲ. ವಾರದಲ್ಲಿ ಒಂದು ಸಂಜೆ ಅರ್ಧ ಗಂಟೆಯನ್ನು ಈ ಮಾತುಕತೆಗಾಗಿ ವೇಳಾಪಟ್ಟಿಯಲ್ಲಿಯೇ ಕಾದಿರಿಸುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಿ. ಆ ಹೊತ್ತಿಗೆ ಬರುವಾಗ ಹೊಸ ಶಿಕ್ಷಕಿ ಆ ವಾರ ಮಕ್ಕಳಿಂದ ಕೇಳಿದ, ತಮಗೆ ಅರ್ಥವಾಗದ ಮಾತುಗಳನ್ನು ಬರೆದು ತರಲಿ; ನಿಮಗೂ ತಿಳಿಯದವುಗಳನ್ನು ಮಕ್ಕಳನ್ನು ಕರೆದೊಯ್ಯಲು ಬರುವ ತಾಯಂದಿರಲ್ಲಿ ಇಬ್ಬರೂ ಸೇರಿ ಕೇಳಬಹುದು.