ಎಂಜಿನ್ ಆಯಿಲ್‌ಗೆ 'ಟಾನಿಕ್' ಬೇಕೇ?

(ಗೋಗಿಯ ರೈತರ ಮುಂದೆ ಆಡಿದ ಮಾತು)



ಟ್ರ್ಯಾಕ್ಟರಿಗೆ ಆಯಿಲ್ ತರಲು ಶಹಾಪುರಕ್ಕೆ ಹೋದರೆ ಅಂಗಡಿಯವ ಡಬ್ಬಿಯ ಜೊತೆ ಒಂದು ಸಣ್ಣ ಬಾಟ್ಲಿನೂ ಮುಂದಿಡ್ತಾನ. "ಇದನ್ನೂ ಹಾಕ್ರಿ, ಎಂಜಿನ್ ಹತ್ತು ವರ್ಷ ಹೆಚ್ಚು ಬಾಳ್ತದ" ಅಂತಾನ. ರೊಕ್ಕ ಇಲ್ಲದಿದ್ರ ಉದ್ರಿ ಬರೀತಾನ. ಹತ್ತಿ ಮಾರಿ ತೀರಿಸೋ ಸಾಲಕ್ಕೆ ಇದೂ ಸೇರ್ತದ.

ಒಂದು ಮಾತು ತಿಳಕೊಳ್ರಿ. ಒಳ್ಳೆಯ ಆಯಿಲ್ ಬರೀ ಎಣ್ಣೆಯಲ್ಲ. ಮಸಿ ತೊಳೆಯುವ, ಹೊಲಸು ತಳದಲ್ಲಿ ಕೂಡದಂತೆ ನೋಡುವ, ಸವೆತ ತಡೆಯುವ ರಾಸಾಯನಿಕಗಳನ್ನು ತಯಾರಿಸುವಾಗಲೇ ಅಳತೆಯಿಂದ ಬೆರೆಸಿರುತ್ತಾರೆ. ಅದರ ಬೆಲೆಯನ್ನು ನೀವು ಆಗಲೇ ಕೊಟ್ಟಿದ್ದೀರಿ. ಮೇಲೆ ಮತ್ತೊಂದು ಸುರಿದರೆ ಆ ಅಳತೆ ಕೆಡಬಹುದು.

ಅಮೆರಿಕದಲ್ಲಿ 'ಸ್ಲಿಕ್ 50' ಎಂಬ ಇಂಥದೇ ಬಾಟ್ಲಿಯ ಜಾಹೀರಾತಿಗೆ ಆಧಾರವಿಲ್ಲವೆಂದು ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗ 1996ರಲ್ಲಿ ದೂರು ಹೂಡಿತು. ಆಧಾರವಿಲ್ಲದ ಮಾತು ಆಡುವುದಿಲ್ಲವೆಂದು ಕಂಪನಿ 1997ರಲ್ಲಿ ಒಪ್ಪಬೇಕಾಯಿತು.

ಎಂಜಿನ್ ನೀಲಿ ಹೊಗೆ ಬಿಟ್ಟು ಆಯಿಲ್ ಕುಡಿಯುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಆಯಿಲ್ ಮಂದ ಮಾಡುವ ಬಾಟ್ಲಿ ಹಾಕಿದರೆ ಹೊಗೆ ನಾಲ್ಕು ದಿನ ಅಡಗೀತು. ಸವೆದ ರಿಂಗ್ ತಿರುಗಿ ಬೆಳೆಯೋದಿಲ್ಲ. ಆ ರೊಕ್ಕ ರಿಪೇರಿಗೆ ಇಡ್ರಿ.

ನಮ್ಮ ಎರೆ ಹೊಲದ ಧೂಳು ಎಂಜಿನ್ನಿನ ದೊಡ್ಡ ವೈರಿ. ಏರ್ ಕ್ಲೀನರ್ ಸ್ವಚ್ಛ ಇಡ್ರಿ. ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕ್ರಿ, ಹೇಳಿದಷ್ಟು ಗಂಟೆ ಓಡಿದ ಮೇಲೆ ಫಿಲ್ಟರ್ ಸಮೇತ ಬದಲಿಸ್ರಿ. ಪಕ್ಕಾ ರಸೀದಿ ಕೇಳ್ರಿ.

ನಾವು ಬೆಳೆದದ್ದಕ್ಕೆ ಬೆಲೆ ಕಟ್ಟುವವರು ಬೇರೆಯವರು. ನಾವು ಕೊಳ್ಳುವುದು ಬೇಕೋ ಬೇಡವೋ ಅನ್ನೋದನ್ನಾದರೂ ನಾವೇ ತೀರ್ಮಾನಿಸೋಣ.